ಕೋಟೆಯ ಬಾಗಿಲು ಕಾಯ್ದವರು

ಶಿವಮೊಗ್ಗೆಯ ಕೋಟೆಯ ಬೀದಿಯಲ್ಲಿ ಇಂದು ನಡೆದುಹೋಗುವವನಿಗೆ ಕೋಟೆಯೆಂಬುದು ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಾಗಿ ಬಾಯಿಗೆ ಬರುವ ಹೆಸರು. ತುಂಗೆಯ ದಡದ ಆ ಪ್ರಾಕಾರವು ಬಹುಮಟ್ಟಿಗೆ ಕಾಲವಶವಾಗಿ, ಆಂಜನೇಯನ ಗುಡಿ, ಮಾರಿಕಾಂಬೆಯ ಗುಡಿ, ಶಿವಪ್ಪನಾಯಕನ ಹೆಸರು ಹೊತ್ತ ಅರಮನೆ ಇವುಗಳ ಸುತ್ತ ಊರು ತನ್ನ ಪಾಡಿಗೆ ತಾನು ಬೆಳೆದುಕೊಂಡಿದೆ. ಕೋಟೆಯನ್ನು ಕಟ್ಟಿಸಿದವನ ಹೆಸರು ಶಾಸನಕ್ಕೆ ಸೇರುತ್ತದೆ. ಅದನ್ನು ಗೆದ್ದುಕೊಂಡವನ ಹೆಸರು ಬಖೈರಿಗೆ ಸೇರುತ್ತದೆ. ಆದರೆ ಮಳೆಯಲ್ಲಿ ನೆನೆದು ಇರುಳೆಲ್ಲ ಅದರ ಹೆಬ್ಬಾಗಿಲಲ್ಲಿ ನಿಂತು, ಶತ್ರು ಬಾರದಿದ್ದ ನೂರು ರಾತ್ರಿಗಳಲ್ಲಿಯೂ ಎಚ್ಚರವಾಗಿದ್ದವನ ಹೆಸರು ಯಾವ ಕಡತಕ್ಕೂ ಸೇರಲಿಲ್ಲ. ಕಾಲ್ಚೆಂಡಾಟದ ಚರಿತ್ರೆಯನ್ನು ಬರೆಯಲು ಕುಳಿತವನಿಗೆ ಮೊದಲು ಎದುರಾಗುವ ಕಷ್ಟವೂ ಇದೇ ಬಗೆಯದು. ಗೋಲು ಹೊಡೆದವನ ಹೆಸರೂ ಹೊಡೆದ ನಿಮಿಷವೂ ದಾಖಲೆಯಲ್ಲಿ ಸಿಕ್ಕುತ್ತವೆ. ತಡೆದವನ ಕೆಲಸವು ಅದು ಸಫಲವಾದ ಮಾತ್ರದಿಂದಲೇ ಬರಹಕ್ಕೆ ನಿಲುಕದೆ ಹೋಗುತ್ತದೆ. ಈ ಸ್ಮರಣ ಸಂಚಿಕೆಯಲ್ಲಿ ನನ್ನ ಪಾಲಿಗೆ ಬಂದ ಪುಟಗಳನ್ನು ಆ ಬಾಗಿಲು ಕಾಯ್ದವರಿಗೇ ಮೀಸಲಿಡಬೇಕೆಂದು ನಾನು ನಿಶ್ಚಯಿಸಿದುದಕ್ಕೆ ಇದೇ ಕಾರಣ.

ಗೋಲ್‌ಕೀಪರನ ಹುದ್ದೆಯ ಸ್ವರೂಪವನ್ನು ಮೊದಲು ವಿವರಿಸುವುದು ಉಚಿತ. ಅವನು ಕಾಯಬೇಕಾದ ಬಾಗಿಲು 24 ಅಡಿ ಅಗಲ, 8 ಅಡಿ ಎತ್ತರ; ಎಂದರೆ ನಮ್ಮ ಕಡೆಯ ಸಾಧಾರಣ ಮನೆಯೊಂದರ ಮುಂಗೋಡೆಯಷ್ಟು ವಿಸ್ತಾರವಾದ ಬಯಲನ್ನು ಎರಡು ಕೈ, ಎರಡು ಕಾಲುಗಳ ಒಬ್ಬ ಮನುಷ್ಯ ಮುಚ್ಚಬೇಕು. ಆಟದ ಕಾಯಿದೆಗಳು ಅವನಿಗೆ ಒಂದು ಕಡೆಯಲ್ಲಿ ಅಧಿಕಾರವನ್ನು ಕೊಟ್ಟು ಇನ್ನೊಂದು ಕಡೆಯಲ್ಲಿ ಅದನ್ನು ಕಿತ್ತುಕೊಳ್ಳುತ್ತ ಬಂದಿವೆ. 1891ರಲ್ಲಿ ಪೆನಾಲ್ಟಿ ಹೊಡೆತವು ಬಳಕೆಗೆ ಬಂದು, ಹನ್ನೆರಡು ಗಜದ ದೂರದಲ್ಲಿ ಚೆಂಡನ್ನಿಟ್ಟುಕೊಂಡ ಎದುರಾಳಿಯ ಮುಂದೆ ಅವನು ಏಕಾಕಿಯಾಗಿ ನಿಲ್ಲುವಂತಾಯಿತು. 1909ರಲ್ಲಿ ಅವನ ಅಂಗಿಯ ಬಣ್ಣವನ್ನು ಉಳಿದ ಹತ್ತು ಮಂದಿಯ ಬಣ್ಣದಿಂದ ಬೇರ್ಪಡಿಸಿದರು. 1912ರವರೆಗೆ ತನ್ನ ಅರ್ಧದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಿಂದ ಮುಟ್ಟಬಹುದಾಗಿದ್ದವನನ್ನು ಆ ವರ್ಷ ಪೆನಾಲ್ಟಿ ಆವರಣದ ಗೆರೆಯೊಳಗೆ ಕಟ್ಟಿಹಾಕಿದರು. 1992ರಲ್ಲಿ, ತನ್ನ ಕಡೆಯವನೇ ಬೇಕೆಂದು ಕಾಲಿನಿಂದ ಹಿಂದಕ್ಕೊಪ್ಪಿಸಿದ ಚೆಂಡನ್ನು ಕೈಯಿಂದ ಹಿಡಿಯುವ ಅನುಕೂಲವೂ ತಪ್ಪಿತು. ಉಡುಪಿನಲ್ಲಿ ಬೇರೆ, ನಿಯಮದಲ್ಲಿ ಬೇರೆ, ಸೋಲಿನ ಹೊಣೆಯಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ: ಇದು ಅವನ ಸ್ಥಿತಿ.

ಮಲೆನಾಡಿನ ಹುಡುಗರಿಗೆ ಈ ಸ್ಥಿತಿಯ ಪರಿಚಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿದು ಕ್ರಿಕೆಟ್ಟಿನ ಪಿಚ್ಚು ಕೆಸರಾದೊಡನೆ, ಬ್ಯಾಟನ್ನು ಅಟ್ಟಕ್ಕೇರಿಸಿ ಕಾಲ್ಚೆಂಡನ್ನು ಕೆಳಗಿಳಿಸುವುದು ಈ ಸೀಮೆಯ ಬಾಲಕರ ಪದ್ಧತಿ. ಎರಡು ಜೊತೆ ಚಪ್ಪಲಿ ಇಟ್ಟರೆ ಗೋಲುಕಂಬ. ಇನ್ನು ಗೋಲಿಗೆ ಯಾರು ನಿಲ್ಲಬೇಕೆಂಬ ಪ್ರಶ್ನೆ ಬಂದಾಗ, ಓಡಲಾರದ ದಡೂತಿಯನ್ನೋ, ಎಲ್ಲರಿಗಿಂತ ಚಿಕ್ಕವನನ್ನೋ, ಚೆಂಡು ತನ್ನದಲ್ಲದ ಬಡಪಾಯಿಯನ್ನೋ ಆ ಜಾಗಕ್ಕೆ ತಳ್ಳುವುದು ವಾಡಿಕೆ. ನೀರು ಕುಡಿದು ಭಾರವಾದ ತೊಗಲ ಚೆಂಡು ಎದೆಗೆ ಬಡಿದಾಗ ಅವನು ಅಳಬಾರದು; ಅದು ಕೈಜಾರಿ ಚಪ್ಪಲಿಗಳ ನಡುವೆ ನುಸುಳಿದರೆ ಮಾತ್ರ ಹತ್ತು ಬಾಯಿಗಳ ಬೈಗುಳವನ್ನು ಅವನೊಬ್ಬನೇ ಕೇಳಬೇಕು. ಹೀಗೆ ಶಿಕ್ಷೆಯಾಗಿ ಪ್ರಾರಂಭವಾದ ಸ್ಥಾನವನ್ನು ಒಬ್ಬಾನೊಬ್ಬನು ತಾನಾಗಿ ಪ್ರೀತಿಸತೊಡಗಿ, "ನಾನೇ ಗೋಲಿ" ಎಂದು ಎಲ್ಲರಿಗಿಂತ ಮೊದಲು ಹೋಗಿ ಕಂಬಗಳ ನಡುವೆ ನಿಲ್ಲುವ ದಿನ ಅವನ ವೃತ್ತಿಜೀವನ ಆರಂಭವಾಯಿತೆಂದು ತಿಳಿಯಬೇಕು.

ನಮ್ಮ ಸಂಸ್ಥಾನಕ್ಕೆ ಕಾಲ್ಚೆಂಡಾಟವನ್ನು ತಂದವರು ಬೆಂಗಳೂರು ದಂಡಿನ ಸಿಪಾಯಿಗಳು. ಗೋರಾ ಪಲ್ಟಣಗಳ ಆಟವನ್ನು ಬೇಲಿಯಾಚೆ ನಿಂತು ನೋಡುತ್ತಿದ್ದ ದಂಡಿನ ಪ್ರದೇಶದ ಹುಡುಗರು ಅದನ್ನು ಬರಿಗಾಲಿನಲ್ಲಿ ಕಲಿತು, ಕಲಿಸಿದವರನ್ನೇ ಸೋಲಿಸುವ ಮಟ್ಟಕ್ಕೆ ಬೆಳೆದರು. ಮುಂಬಯಿಯ ರೋವರ್ಸ್ ಕಪ್ಪು ಬಹುಕಾಲ ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತಿನಂತಿದ್ದುದನ್ನು 1937ರಲ್ಲಿ ಗೆದ್ದು ತಂದ ಮೊದಲ ಭಾರತೀಯ ತಂಡ ಬೆಂಗಳೂರ್ ಮುಸ್ಲಿಮ್ಸ್. ಮರುವರ್ಷವೂ ಅದು ಆ ಕಪ್ಪನ್ನು ಬಿಟ್ಟುಕೊಡಲಿಲ್ಲ. 1941ರಲ್ಲಿ ಪ್ರಾಂತಗಳ ನಡುವಿನ ಸಂತೋಷ್ ಟ್ರೋಫಿ ಪಂದ್ಯಗಳು ಪ್ರಾರಂಭವಾದ ಮೇಲೆ ಮೈಸೂರಿನ ಹೆಸರು ಕಲ್ಕತ್ತೆಯ ಮೈದಾನಗಳಲ್ಲಿಯೂ ಗೌರವದಿಂದ ಉಚ್ಚರಿಸಲ್ಪಡತೊಡಗಿತು.

ಇಂತಹ ಭೂಮಿಯಿಂದ ಮೇಲೆದ್ದು ಬಂದವರು ಕೆ. ವಿ. ವರದರಾಜ್. 1948ರ ಲಂಡನ್ ಒಲಿಂಪಿಕ್ಸಿಗೆ ಹೊರಟ ಸ್ವತಂತ್ರ ಭಾರತದ ಪ್ರಥಮ ಕಾಲ್ಚೆಂಡು ತಂಡದಲ್ಲಿ ನಮ್ಮ ಸಂಸ್ಥಾನದ ಪಾಲು ಸಣ್ಣದೇನೂ ಆಗಿರಲಿಲ್ಲ: ಅಹಮದ್ ಖಾನ್, ಎಸ್. ರಾಮನ್, ಧನರಾಜ್, ಬಷೀರ್, ವಜ್ರವೇಲು ಇವರ ಜೊತೆಗೆ ಗೋಲಿನ ಕಾವಲಿಗೆ ವರದರಾಜ್. ತಂಡದ ನಾಯಕ ನಾಗಾ ಬೆಟ್ಟಗಳ ಟಿ. ಆವ್, ಎರಡನೆಯ ಗೋಲ್‌ಕೀಪರ್ ಮುಂಬಯಿಯ ಸಂಜೀವ ಉಚ್ಚಿಲ. ಜುಲೈ 31ರಂದು ಲಂಡನ್ ಸಮೀಪದ ಇಲ್ಫರ್ಡ್ ಎಂಬಲ್ಲಿ ಫ್ರಾನ್ಸಿನ ಎದುರು ನಡೆದ ಪಂದ್ಯದಲ್ಲಿ ಭಾರತದ ಆಟಗಾರರಲ್ಲಿ ಬಹುತೇಕ ಮಂದಿ ಬರಿಗಾಲಿನಲ್ಲಿ ಆಡಿದರೆಂಬುದನ್ನು ಲೋಕವೆಲ್ಲ ಸೋಜಿಗದಿಂದ ಬರೆಯಿತು. ಮೊದಲರ್ಧದಲ್ಲಿ ಫ್ರಾನ್ಸ್ ಒಂದು ಗೋಲು ಹೊಡೆಯಿತು; ಎಪ್ಪತ್ತನೆಯ ನಿಮಿಷದಲ್ಲಿ ಮೈಸೂರಿನ ರಾಮನ್ ಹೊಡೆದ ಗೋಲು ಒಲಿಂಪಿಕ್ಸಿನಲ್ಲಿ ಭಾರತದ ಮೊಟ್ಟಮೊದಲ ಗೋಲಾಯಿತು; ಭಾರತಕ್ಕೆ ದೊರೆತ ಎರಡು ಪೆನಾಲ್ಟಿಗಳು ವ್ಯರ್ಥವಾದುವು; ಪಂದ್ಯ ಮುಗಿಯಲು ಒಂದೇ ನಿಮಿಷ ಉಳಿದಿದ್ದಾಗ ಫ್ರಾನ್ಸಿನ ಎರಡನೆಯ ಗೋಲು ಬಿತ್ತು. 89 ನಿಮಿಷಗಳವರೆಗೆ ಒಂದೇ ಗೋಲಿಗೆ ಎದುರಾಳಿಯನ್ನು ಹಿಡಿದಿಟ್ಟಿದ್ದ ಬಾಗಿಲು ಆ ಕ್ಷಣದಲ್ಲಿ ತೆರೆದುಕೊಂಡಿತು. ಕೈತಪ್ಪಿದ ಪೆನಾಲ್ಟಿಗಳನ್ನು ಕುರಿತು ನಮ್ಮವರು ಇಂದಿಗೂ ಮರುಗುತ್ತಾರೆ. ಆ 89 ನಿಮಿಷಗಳನ್ನು ಕುರಿತು ಮಾತನಾಡುವವರನ್ನು ನಾನು ಕಂಡಿಲ್ಲ.

1951ರಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದ ಲೆಕ್ಕವು ನನ್ನ ವಾದಕ್ಕೆ ಇನ್ನೂ ಬಲವಾದ ಆಧಾರ. ಭಾರತ ಇಂಡೊನೇಷ್ಯವನ್ನು 3-0, ಆಫ್ಘಾನಿಸ್ತಾನವನ್ನು 3-0, ಫೈನಲ್ ಪಂದ್ಯದಲ್ಲಿ ಇರಾನನ್ನು 1-0 ಅಂತರದಿಂದ ಸೋಲಿಸಿ ಸುವರ್ಣಪದಕವನ್ನು ಪಡೆಯಿತು. ಫೈನಲಿನ ಏಕೈಕ ಗೋಲು ಮೇವಾಲಾಲರದೆಂಬುದನ್ನು ಕ್ರೀಡಾ ಚರಿತ್ರೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದೇ ಅಂಕಿಗಳ ಬಲಗಡೆಯ ಮೂರು ಸೊನ್ನೆಗಳ ಮೇಲೆ ಬೆರಳಿಟ್ಟು, "ಇವು ಯಾರವು?" ಎಂದು ಕೇಳಿದರೆ ಉತ್ತರಿಸುವವರು ವಿರಳ. ಆ ತಂಡದ ಗೋಲ್‌ಕೀಪರುಗಳು ಇಬ್ಬರು: ವರದರಾಜ್ ಮತ್ತು ಬಿ. ಆಂಟನಿ. ಒಂದು ಗೋಲನ್ನೂ ಬಿಟ್ಟುಕೊಡದೆ ಏಷ್ಯಾ ಖಂಡದ ಪದಕವನ್ನು ಗೆದ್ದು ತಂದ ತಂಡದಲ್ಲಿ ಕಾವಲಿನ ಕೆಲಸಕ್ಕೆ ಆಯ್ಕೆಯಾದವರಲ್ಲಿ ಒಬ್ಬರು ನಮ್ಮವರೆಂಬುದು ನಾವು ಮಕ್ಕಳಿಗೆ ಹೇಳಬೇಕಾದ ಸಂಗತಿ.

ಅದೇ ಕಾಲದಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಐವರು ಮುನ್ನಡೆಯ ಆಟಗಾರರನ್ನು ಜನ ಅಭಿಮಾನದಿಂದ ಪಂಚಪಾಂಡವರೆಂದು ಕರೆಯುತ್ತಿದ್ದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಎಂಬ ಆ ಐವರಲ್ಲಿ ಧನರಾಜರೂ ಅಹಮದ್ ಖಾನರೂ ಮೈಸೂರಿನವರಾದುದರಿಂದ ನಮಗೂ ಆ ಬಿರುದಿನಲ್ಲಿ ಪಾಲುಂಟು. ಆದರೆ ಐವರೂ ಮುಂದೆ ನುಗ್ಗುವವರೆಂಬುದನ್ನು ಲಕ್ಷಿಸಬೇಕು. ಪಾಂಡವರ ಐದು ಆಸನಗಳಲ್ಲಿ ಬಾಗಿಲು ಕಾಯುವವನಿಗೆ ಒಂದನ್ನೂ ಜನ ಬಿಟ್ಟಿರಲಿಲ್ಲ.

1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಕಥೆ ತಿರುಗಿತು. ಕೊರೆಯುವ ಚಳಿಯಲ್ಲಿ, ಬಹುತೇಕ ಬರಿಗಾಲಿನಲ್ಲಿಯೇ ಯುಗೊಸ್ಲಾವಿಯವನ್ನು ಎದುರಿಸಿದ ಭಾರತ 1-10 ಅಂತರದಿಂದ ಸೋತುಹೋಯಿತು. ಭಾರತದ ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. ಆ ಸೋಲಿನ ತರುವಾಯ ಬೂಟು ತೊಡುವುದು ಕಡ್ಡಾಯವಾಯಿತೆಂಬುದು ಆಟದ ಇತಿಹಾಸದ ಒಂದು ತಿರುವು. ಹತ್ತು ಗೋಲುಗಳನ್ನು ಕಂಡ ಬಲೆಯ ಮುಂದೆ ನಿಂತವನ ಮನಸ್ಸಿನಲ್ಲಿ ಆ ಸಾಯಂಕಾಲ ಏನು ಹಾಯ್ದುಹೋಯಿತೆಂಬುದನ್ನು ಮಾತ್ರ ಯಾವ ವರದಿಯೂ ಹೇಳುವುದಿಲ್ಲ. ಗೆದ್ದಾಗ ಸೊನ್ನೆಯ ಹಿಂದೆ ಮರೆಯಾಗುವವನು ಸೋತಾಗ ಹತ್ತರ ಮುಂದೆ ಒಬ್ಬಂಟಿಯಾಗಿ ನಿಲ್ಲಬೇಕು. ಉಳಿದ ಹತ್ತು ಸ್ಥಾನಗಳಲ್ಲಿ ಯಾವುದಕ್ಕೂ ಇಂತಹ ವಿಷಮವಾದ ಲೆಕ್ಕಾಚಾರವಿಲ್ಲ.

ಇನ್ನು ಮೈಸೂರು ತಂಡದ ಸಂತೋಷ್ ಟ್ರೋಫಿಯ ಲೆಕ್ಕಪುಸ್ತಕವನ್ನು ಇದೇ ದೃಷ್ಟಿಯಿಂದ ತೆರೆದು ನೋಡೋಣ. ನಮ್ಮ ತಂಡ ಅದನ್ನು ಗೆದ್ದುದು 1946-47, 1952-53, 1967-68, 1968-69ರಲ್ಲಿ. ನಾಲ್ಕು ಸಲವೂ ಫೈನಲಿನಲ್ಲಿ ಎದುರಾದದ್ದು ಬಂಗಾಳವೇ. ಮೊದಲನೆಯದನ್ನು ಬಿಟ್ಟು ಉಳಿದ ಮೂರು ಫೈನಲುಗಳಲ್ಲಿಯೂ ಮೈಸೂರು ಒಂದು ಗೋಲಿನಿಂದ ಗೆದ್ದಿತು; ಬಂಗಾಳಕ್ಕೆ ಒಂದನ್ನೂ ಕೊಡಲಿಲ್ಲ. 1968-69ರಲ್ಲಿಯಂತೂ ಮೊದಲ ದಿನ ಗೋಲಿಲ್ಲದ ಸಮಪಂದ್ಯವಾಗಿ, ಮರುಪಂದ್ಯದಲ್ಲಿ 1-0 ತೀರ್ಪು ಬಂದಿತು. ದೇಶದಲ್ಲಿಯೇ ಪ್ರಬಲವೆನಿಸಿದ ಮುನ್ನಡೆಯ ಪಂಕ್ತಿಯನ್ನು ಮೂರು ಫೈನಲುಗಳಲ್ಲಿ ಬರಿಗೈಯಲ್ಲಿ ಹಿಂದಿರುಗಿಸಿದ ಈ ಸಾಧನೆಯನ್ನು, ಅದೃಷ್ಟವಶಾತ್ ಹೊಡೆದ ಮೂರು ಗೋಲುಗಳ ಕಥೆಯೆಂದು ಹೇಳುವುದು ಸುಲಭ. ಬಾಗಿಲು ಭದ್ರವಾಗಿದ್ದುದರಿಂದ ಒಂದೊಂದೇ ಗೋಲು ಸಾಕಾಯಿತೆಂಬುದು ಸತ್ಯಕ್ಕೆ ಹತ್ತಿರ.

ಕರ್ನಾಟಕದಾಚೆಗೆ ಒಮ್ಮೆ ದೃಷ್ಟಿ ಹಾಯಿಸಿದರೆ, ಭಾರತದ ಗೋಲ್‌ಕೀಪರುಗಳ ಪರಂಪರೆಯಲ್ಲಿ ಪೀಟರ್ ತಂಗರಾಜರ ಹೆಸರು ಎಲ್ಲಕ್ಕಿಂತ ಮೊದಲು ಬರುತ್ತದೆ. 1935ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿ, ಮದರಾಸ್ ರೆಜಿಮೆಂಟಲ್ ಸೆಂಟರಿನ ಸೈನಿಕರಾಗಿ ಸೇರಿದ ಅವರು ಮೊದಲು ಆಡಿದುದು ಸೆಂಟರ್ ಫಾರ್ವರ್ಡ್ ಸ್ಥಾನದಲ್ಲಿ. ಆರಡಿಗೂ ಮೀರಿದ ಆ ಶರೀರ ಗೋಲುಕಂಬಗಳ ನಡುವೆ ಬಂದು ನಿಂತ ಮೇಲೆ ಅವರ ಭಾಗ್ಯವೂ ಭಾರತದ ಭಾಗ್ಯವೂ ಬದಲಾಯಿಸಿದುವು. ಅವರ ರೆಜಿಮೆಂಟಿನ ತಂಡ 1955 ಮತ್ತು 1958ರಲ್ಲಿ ಡ್ಯುರಾಂಡ್ ಕಪ್ಪನ್ನು ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಅವರಿದ್ದರು. 1960ರ ರೋಮ್ ಒಲಿಂಪಿಕ್ಸಿಗೂ ಹೋದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ, ಭಾರತಕ್ಕೆ ಪ್ರತಿಕೂಲವಾಗಿ ಗರ್ಜಿಸುತ್ತಿದ್ದ ಭಾರಿ ಜನಸಮೂಹದ ನಡುವೆ ದಕ್ಷಿಣ ಕೊರಿಯವನ್ನು 2-1ರಲ್ಲಿ ತಡೆದು ನಿಲ್ಲಿಸಿದ ತಂಡದ ಬಾಗಿಲಲ್ಲಿಯೂ ಅವರೇ ಇದ್ದರು. 1967ರಲ್ಲಿ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು. 1961ರಲ್ಲಿ ಪ್ರಾರಂಭವಾದ ಈ ಪ್ರಶಸ್ತಿ ಗೋಲ್‌ಕೀಪರೊಬ್ಬನನ್ನು ಹುಡುಕಿಕೊಂಡು ಬಂದುದು ಅದೇ ಮೊದಲು. ತರುವಾಯ ಬ್ರಹ್ಮಾನಂದ ಸಂಖ್ವಾಲ್ಕರ್ ಅದನ್ನು ಪಡೆಯುವ ಹೊತ್ತಿಗೆ 1997 ಬಂದಿತ್ತು. ಸುಬ್ರತ ಪಾಲ್ ಪಡೆದುದು 2016ರಲ್ಲಿ. ಮೂವತ್ತು ವರ್ಷಕ್ಕೊಮ್ಮೆ, ಇಪ್ಪತ್ತು ವರ್ಷಕ್ಕೊಮ್ಮೆ ನೆನಪಾಗುವ ಹುದ್ದೆಯಿದು.

ತಂಗರಾಜರ ಜೀವನದ ಕೊನೆಯ ಅಧ್ಯಾಯದಲ್ಲಿ ಭದ್ರಾವತಿಯವರಿಗೆ ಆಪ್ತವಾಗಬಹುದಾದ ಒಂದು ಅಂಶವಿದೆ. ಆಟದಿಂದ ನಿವೃತ್ತರಾದ ಮೇಲೆ ಅವರು ಬೊಕಾರೊ ಉಕ್ಕಿನ ಕಾರ್ಖಾನೆಯಲ್ಲಿ ತರಬೇತುದಾರರಾಗಿ ನೆಲಸಿ, 2008ರಲ್ಲಿ ಆ ಉಕ್ಕಿನ ನಗರದಲ್ಲಿಯೇ ಕಣ್ಮುಚ್ಚಿದರು. ಒಂದು ಕಾಲದಲ್ಲಿ ಬೆಂಕಿಪುರವೆಂಬ ಹೆಸರಿದ್ದ ನಮ್ಮ ಭದ್ರಾವತಿಯಲ್ಲಿ 1918ರಲ್ಲಿ ಕಟ್ಟಡದ ಕೆಲಸ ಮೊದಲಾಗಿ 1923ರಲ್ಲಿ ಊದುಕುಲುಮೆ ಹೊತ್ತಿದ ಮೈಸೂರು ಕಬ್ಬಿಣದ ಕಾರ್ಖಾನೆ ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಧರಿಸಿ, ಕೊನೆಗೆ ಬೊಕಾರೊ ಸೇರಿದ್ದ ಉಕ್ಕು ಪ್ರಾಧಿಕಾರದ ಕುಟುಂಬಕ್ಕೇ ಸೇರಿತಷ್ಟೆ. ಕಬ್ಬಿಣಕ್ಕೂ ಕಾಲ್ಚೆಂಡಿಗೂ ಈ ದೇಶದಲ್ಲಿ ಹಳೆಯ ನಂಟು. ಪಾಳಿ ಮುಗಿಸಿ ಹೊರಬಂದ ಸಾವಿರಾರು ಕಾರ್ಮಿಕರಿಗೆ ಸಂಜೆಯ ಬೆಳಕಿನಲ್ಲಿ ಒಂದು ಮೈದಾನ, ಒಂದು ಚೆಂಡು ಇದ್ದರೆ ಸಾಕು; ಇಪ್ಪತ್ತೆರಡು ಮಂದಿ ಆಡುತ್ತಾರೆ, ಕ್ವಾರ್ಟರ್ಸಿನ ಮಕ್ಕಳೆಲ್ಲ ಸುತ್ತ ನಿಲ್ಲುತ್ತಾರೆ. ಸೈನ್ಯ, ರೈಲ್ವೆ, ಕಾರ್ಖಾನೆ ಇವು ಮೂರೂ ಆಟಗಾರನಿಗೆ ಸಂಬಳ ಕೊಟ್ಟು, ಆಡಲು ರಜೆ ಕೊಟ್ಟು, ಕಾಲು ಸೋತ ಮೇಲೆ ಕುಳಿತುಣ್ಣಲು ಕೆಲಸ ಕೊಟ್ಟು ಈ ಆಟವನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಸಾಕಿದುವು. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ., ಎಂ.ಇ.ಜಿ. ತಂಡಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಭದ್ರಾವತಿಯೆಂದರೆ ಲೋಕಕ್ಕೆ ಇಲ್ಲಿಯೇ ಹುಟ್ಟಿದ ಗುಂಡಪ್ಪ ವಿಶ್ವನಾಥರ ಬ್ಯಾಟಿನ ನೆನಪು ಬರುವುದು ಸಹಜ; ಆದರೆ ಮಳೆಗಾಲದಲ್ಲಿ ಬ್ಯಾಟು ಮಲಗಿದ್ದ ತಿಂಗಳುಗಳೂ ವರ್ಷದಲ್ಲಿ ಉಂಟೆಂಬುದನ್ನು ಮರೆಯಲಾಗದು.

ಕಬ್ಬಿಣದ ಈ ನಂಟು ನಮ್ಮ ಕಾಲದವರೆಗೂ ಕಡಿದಿಲ್ಲ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕು ಕರಗಿಸುವ ಜೆ.ಎಸ್.ಡಬ್ಲ್ಯು. ಸಂಸ್ಥೆಯೇ 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ತಂಡವನ್ನು ಸ್ಥಾಪಿಸಿತು. 2017ರಲ್ಲಿ ಆ ತಂಡದ ಬಾಗಿಲಿಗೆ ಬಂದವರು ಗುರ್‌ಪ್ರೀತ್ ಸಿಂಗ್ ಸಂಧು. 1992ರಲ್ಲಿ ಪಂಜಾಬಿನಲ್ಲಿ ಹುಟ್ಟಿ, ಈಸ್ಟ್ ಬೆಂಗಾಲಿನಲ್ಲಿ ಪಳಗಿ, 2014ರಲ್ಲಿ ನಾರ್ವೆಯ ಸ್ಟಾಬೆಕ್ ತಂಡಕ್ಕೆ ಹೋಗಿ, ಅಲ್ಲಿ ಮೊದಲ ತಂಡದಲ್ಲಿ ಸ್ಥಾನಕ್ಕಾಗಿ ದೀರ್ಘಕಾಲ ಬೆಂಚಿನ ಮೇಲೆ ಕಾದು ಕುಳಿತು, 2016ರಲ್ಲಿ ಯೂರೋಪಾ ಲೀಗಿನಲ್ಲಿ ಆಡಿದ ಪ್ರಥಮ ಭಾರತೀಯರೆನಿಸಿದ ಅವರು, ಕರ್ನಾಟಕವನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡರು. 2018-19ರ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ಬೆಂಗಳೂರಿಗೆ ಬಂದ ವರ್ಷ ಅತ್ಯುತ್ತಮ ಗೋಲ್‌ಕೀಪರನ ಸುವರ್ಣ ಕೈಗವಸು ಅವರ ಪಾಲಾಯಿತು. 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ, ಆ ವರ್ಷವಷ್ಟೇ ಏಷ್ಯನ್ ಕಪ್ಪನ್ನು ಗೆದ್ದಿದ್ದ ಕತಾರಿನ ಎದುರು, ಸುನಿಲ್ ಛೆಟ್ರಿ ಇಲ್ಲದ ತಂಡದ ನಾಯಕತ್ವವನ್ನು ಹೊತ್ತು, ಒಂದರ ಹಿಂದೊಂದು ಬಂದ ಹೊಡೆತಗಳನ್ನು ಕೈಯಿಂದ, ಕಾಲಿಂದ, ಎದೆಯಿಂದ ತಡೆದು ಪಂದ್ಯವನ್ನು 0-0ಯಲ್ಲಿ ನಿಲ್ಲಿಸಿದರು. ಸೊನ್ನೆಯೊಂದು ಗೆಲುವಿನ ಹಾಗೆ ದೇಶದಲ್ಲೆಲ್ಲ ಆಚರಿಸಲ್ಪಟ್ಟುದು ಅಪರೂಪದ ಘಟನೆ. ಅರ್ಜುನ ಪ್ರಶಸ್ತಿಯೂ ಅದೇ ವರ್ಷ ಅವರಿಗೆ ಬಂದಿತು.

2023ನೆಯ ಇಸವಿಯು ನಮ್ಮ ರಾಜ್ಯದ ಕಾಲ್ಚೆಂಡಾಟಕ್ಕೆ ಶುಭವಾಗಿತ್ತು. ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, ಮೈಸೂರೆಂಬ ಹೆಸರಿನಲ್ಲಿ ಕೊನೆಯ ಸಲ ಗೆದ್ದ 54 ವರ್ಷಗಳ ತರುವಾಯ ಆ ಟ್ರೋಫಿಯನ್ನು ಮನೆಗೆ ತಂದಿತು. ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್ಪಿನ ಕೊನೆಯ ಘಟ್ಟ ನಡೆಯಿತು. ಸೆಮಿಫೈನಲಿನಲ್ಲಿ ಲೆಬನಾನಿನ ಮೊದಲ ಪೆನಾಲ್ಟಿಯನ್ನೇ ತಡೆದು ಗುರ್‌ಪ್ರೀತ್ ಭಾರತಕ್ಕೆ ದಾರಿ ಮಾಡಿಕೊಟ್ಟರು. ಜುಲೈ 4ರ ಫೈನಲಿನಲ್ಲಿ ಕುವೈತಿನೊಡನೆ 1-1 ಸಮವಾಗಿ, ಐದೈದು ಪೆನಾಲ್ಟಿಗಳ ಮೇಲೂ 4-4 ಸಮವಾಗಿಯೇ ಉಳಿದಾಗ, ಆರನೆಯದನ್ನು ಭಾರತದ ಮಹೇಶ್ ಸಿಂಗ್ ಬಲೆಗೆ ಸೇರಿಸಿದರು. ಕುವೈತಿನ ಆರನೆಯ ಹೊಡೆತಕ್ಕೆ ಗುರ್‌ಪ್ರೀತ್ ತಮ್ಮ ಉದ್ದವಾದ ದೇಹವನ್ನು ಚಾಚಿ ಹಾರಿ ಅಡ್ಡಲಾದರು, ಚೆಂಡು ಹೊರಕ್ಕೆ ಚಿಮ್ಮಿತು, ಪ್ರಶಸ್ತಿ ಭಾರತದ್ದಾಯಿತು. ವರದರಾಜ್ ಬೆಳೆದ ಊರಿನಲ್ಲಿ, ಅವರು ಇಲ್ಫರ್ಡಿನಲ್ಲಿ ಕಾವಲು ನಿಂತ 75 ವರ್ಷಗಳ ಮೇಲೆ, ಬಾಗಿಲು ಕಾಯುವವನ ಒಂದು ತಡೆಯೇ ಪಂದ್ಯದ ಕೊನೆಯ ವಾಕ್ಯವಾಗಿ ಬರೆಯಲ್ಪಟ್ಟಿತು.

ಗೋಲ್‌ಕೀಪರನ ಜೀವನದಲ್ಲಿ ಕಾಯುವಿಕೆಯೇ ಮುಖ್ಯ ವ್ಯವಸಾಯ. "ಕಾಯುವುದು" ಎಂಬ ನಮ್ಮ ಮಾತಿಗೆ ರಕ್ಷಿಸುವುದು ಎಂಬ ಅರ್ಥವೂ ಉಂಟು, ನಿರೀಕ್ಷಿಸುವುದು ಎಂಬ ಅರ್ಥವೂ ಉಂಟು. ಎರಡನ್ನೂ ಏಕಕಾಲದಲ್ಲಿ ಮಾಡುವವನು ಅವನು. ಸರದಿಗಾಗಿ ಕಾಯುತ್ತಾನೆ, ಏಕೆಂದರೆ ತಂಡದಲ್ಲಿ ಆ ಜಾಗ ಒಂದೇ. ಸರದಿ ಬಂದ ಮೇಲೆ ಚೆಂಡಿಗಾಗಿ ಕಾಯುತ್ತಾನೆ. ಚೆಂಡು ಬಂದ ಅರೆಗಳಿಗೆಯಲ್ಲಿ ಅಷ್ಟೂ ದಿನಗಳ ಕಾಯುವಿಕೆಗೆ ಲೆಕ್ಕ ಒಪ್ಪಿಸುತ್ತಾನೆ. ಮುನ್ನಡೆಯವನು ಹತ್ತು ಸಲ ತಪ್ಪಿ ಒಂದು ಸಲ ಗೆದ್ದರೆ ವೀರನೆನಿಸಿಕೊಳ್ಳುತ್ತಾನೆ. ಇವನು ಹತ್ತು ಸಲ ಗೆದ್ದು ಒಂದು ಸಲ ತಪ್ಪಿದರೆ ಆ ಒಂದೇ ಜನರ ನೆನಪಿನಲ್ಲಿ ಉಳಿಯುತ್ತದೆ. ಇಷ್ಟನ್ನು ಬಲ್ಲವನಾಗಿಯೂ ಮರುದಿನ ಬೆಳಿಗ್ಗೆ ಮತ್ತೆ ಅದೇ ಕಂಬಗಳ ನಡುವೆ ಹೋಗಿ ನಿಲ್ಲುವ ಮನೋಧರ್ಮವನ್ನು ಧೈರ್ಯವೆನ್ನಲೊ, ವೈರಾಗ್ಯವೆನ್ನಲೊ ನನಗೆ ನಿರ್ಧರಿಸಲಾಗದು.

ಕೊನೆಯಲ್ಲಿ ಶಿವಮೊಗ್ಗೆ, ಭದ್ರಾವತಿ ಎಂಬ ಅವಳಿ ನಗರಗಳ ಕ್ರೀಡಾಪ್ರಿಯರಲ್ಲಿ ಒಂದು ವಿಜ್ಞಾಪನೆ. ಕೋಟೆಯ ಹಳೆಯ ಮನೆಗಳಲ್ಲಿ, ಭದ್ರಾವತಿಯ ನ್ಯೂ ಟೌನ್, ಪೇಪರ್ ಟೌನ್, ಹಳೇನಗರಗಳ ಮನೆಗಳಲ್ಲಿ, ಶಾಲೆ ಕಾಲೇಜುಗಳ ಕೋಣೆಗಳಲ್ಲಿ, ಕಾಲ್ಚೆಂಡು ತಂಡಗಳ ಹಳೆಯ ಛಾಯಾಚಿತ್ರಗಳು ಇಂದಿಗೂ ಗೋಡೆಯ ಮೇಲಿದ್ದರೆ, ಪೆಟ್ಟಿಗೆಯಲ್ಲಿದ್ದರೆ, ಅವನ್ನು ಒಮ್ಮೆ ಕೆಳಗಿಳಿಸಿ ನೋಡಿರಿ. ಹನ್ನೊಂದು ಮಂದಿಯಲ್ಲಿ ಬೇರೆ ಬಣ್ಣದ ಅಂಗಿ ತೊಟ್ಟು ನಿಂತಿರುವವನು ಯಾರೆಂದು ಮನೆಯ ಹಿರಿಯರನ್ನು ಕೇಳಿರಿ; ಅವರಿಗೆ ನೆನಪಿರುವಾಗಲೇ ಆ ಹೆಸರನ್ನು ಚಿತ್ರದ ಹಿಂಬದಿಯಲ್ಲಿ ಬರೆದಿಡಿರಿ. ಮುಂದೆ ಈ ಊರಿನ ಆಟದ ಚರಿತ್ರೆಯನ್ನು ಬರೆಯುವವರಿಗೆ ಗೋಲುಗಳ ಪಟ್ಟಿ ಹೇಗಾದರೂ ಸಿಕ್ಕೀತು. ಬಾಗಿಲು ಕಾಯ್ದವನ ಹೆಸರು ನಾವು ಬರೆದಿಟ್ಟರೆ ಮಾತ್ರ ಸಿಕ್ಕುತ್ತದೆ.